ಬಿಸಿಯಾಗದ ಹೀಟರ್, ಕಾಣದ ಕಾರಣ

ಕಾರಿನ ಹೀಟರ್ ಬಿಸಿಯನ್ನು ತಾನು ಹುಟ್ಟಿಸುವುದಿಲ್ಲ, ಎಂಜಿನ್ನಿನಿಂದ ಕಡ ತರುತ್ತದೆ. ಪೆಟ್ರೋಲ್ ಇಲ್ಲವೇ ಡೀಸೆಲ್ ಉರಿದು ಬರುವ ಶಕ್ತಿಯಲ್ಲಿ ಚಕ್ರ ತಿರುಗಿಸುವುದಕ್ಕೆ ಸಲ್ಲುವುದು ಒಂದು ಪಾಲು ಮಾತ್ರ. ಇನ್ನೊಂದು ಪಾಲು ಸೈಲೆನ್ಸರಿನ ದಾರಿ ಹಿಡಿದು ಹೋಗುತ್ತದೆ. ಮತ್ತೊಂದು ಪಾಲನ್ನು ಎಂಜಿನ್ನಿನ ಮೈಯೊಳಗೆ ಹರಿಯುವ ಕೂಲೆಂಟ್ ಹೀರಿಕೊಳ್ಳುತ್ತದೆ. ವಾಟರ್ ಪಂಪ್ ಈ ಬಿಸಿ ದ್ರವವನ್ನು ಗಾಡಿಯ ಮೂತಿಯಲ್ಲಿರುವ ರೇಡಿಯೇಟರಿಗೆ ತಳ್ಳುತ್ತದೆ. ಅದರ ಒಂದು ಕವಲು ಎರಡು ರಬ್ಬರ್ ಹೋಸುಗಳಲ್ಲಿ ಹಾದು ಡ್ಯಾಶ್‌ಬೋರ್ಡಿನ ಹಿಂದೆ ಅಡಗಿರುವ, ದಪ್ಪ ಪುಸ್ತಕದಷ್ಟು ಗಾತ್ರದ ಇನ್ನೊಂದು ಪುಟ್ಟ ರೇಡಿಯೇಟರಿಗೆ ಹೋಗಿ ಬರುತ್ತದೆ. ಗ್ಯಾರೇಜಿನವರು ಇದನ್ನು ಹೀಟರ್ ಕಾಯಿಲ್ ಎನ್ನುತ್ತಾರೆ. ಬ್ಲೋವರ್ ಇದರ ಮೇಲೆ ಗಾಳಿ ಊದಿದಾಗ ಕೂತವರ ಮೈಗೆ ಬೆಚ್ಚನೆಯ ಗಾಳಿ ತಾಗುತ್ತದೆ.

ಹದಿನೇಳನೆಯ ಶತಮಾನದ ಅನ್ನಂಭಟ್ಟರ ತರ್ಕಶಾಸ್ತ್ರದ ಕೈಪಿಡಿ ‘ತರ್ಕಸಂಗ್ರಹ’ವನ್ನು ಓದಿದವರಿಗೆ ಈ ಏರ್ಪಾಡು ಹೊಸದೆನಿಸುವುದಿಲ್ಲ. ಅದು ಹೇಳುವ ನ್ಯಾಯ-ವೈಶೇಷಿಕ ದರ್ಶನದ ಪ್ರಕಾರ ನೀರಿನ ಸಹಜ ಸ್ಪರ್ಶ ತಂಪು, ಬಿಸಿ ಸ್ಪರ್ಶ ತೇಜಸ್ಸಿಗೆ ಮಾತ್ರ ಸೇರಿದ್ದು. ಕಾದ ನೀರು ಕೈ ಸುಟ್ಟರೆ ಅದು ನೀರಿನ ಗುಣವಲ್ಲ, ನೀರಿನೊಂದಿಗೆ ಬೆರೆತ ತೇಜಸ್ಸಿನ ಗುಣ. ಭೌತವಿಜ್ಞಾನ ಈ ವಿವರಣೆಯನ್ನು ಬಹಳ ಹಿಂದೆಯೇ ದಾಟಿದೆ. ಆದರೂ ಅದರೊಳಗಿನ ಎಚ್ಚರ ಇಂದಿಗೂ ಸಲ್ಲುತ್ತದೆ: ಬಿಸಿ ಎಲ್ಲಿ ತೋರುತ್ತದೋ ಅದು ಅಲ್ಲಿಯದೇ ಆಗಿರಬೇಕಿಲ್ಲ. ಬಿಸಿ ಕಾಣದಿದ್ದಾಗಲೂ ಅಷ್ಟೇ, ದೋಷ ಅಲ್ಲಿಯದೇ ಆಗಿರಬೇಕಿಲ್ಲ.

ಮುಂಬಯಿಯ ಬಾಂದ್ರಾದಲ್ಲಿ ಹೀಟರಿನ ಗುಂಡಿ ಮುಟ್ಟುವವರು ವಿರಳ. ಪಕ್ಕದ ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆ 7.4 ಡಿಗ್ರಿ. ಅದೂ 1962ರ ಜನವರಿ 22ರಂದು. ಉಳಿದಂತೆ ಇಲ್ಲಿನ ಚಳಿಗಾಲಕ್ಕೆ ಕಿಟಕಿಯ ಗಾಜು ಏರಿಸಿದರೆ ಸಾಕು. ಹಾಗಾಗಿ ಹೀಟರ್ ಕೆಟ್ಟಿದ್ದರೂ ವರ್ಷಗಟ್ಟಲೆ ಯಾರಿಗೂ ಗೊತ್ತಾಗುವುದಿಲ್ಲ. ಡಿಸೆಂಬರಿನಲ್ಲಿ ಸಂಸಾರ ಸಮೇತ ಊರಿಗೆ ಹೊರಟ ಗಾಡಿ ಪುಣೆ, ಸಾತಾರಾ, ಕೊಲ್ಹಾಪುರ ದಾಟಿ, ನಿಪ್ಪಾಣಿಯ ಮೇಲೆ ನಸುಕಿನಲ್ಲಿ ಬೆಳಗಾವಿಯ ಕಡೆ ಓಡುವಾಗ, ಗಾಜಿಗೆ ಮಂಜು ಕಟ್ಟಿ, ಹಿಂದಿನ ಸೀಟಿನ ಮಕ್ಕಳು ಶಾಲು ಹೊದ್ದುಕೊಂಡಾಗ ಗುಂಡಿ ತಿರುಗಿಸುತ್ತಾರೆ. ಉಗುರುಬೆಚ್ಚಗಿನ ಗಾಳಿ ಬರುತ್ತದೆ, ಅಷ್ಟೇ. ಹೀಟರ್ ನೆನಪಾಗುವ ಇನ್ನೊಂದು ಸಂದರ್ಭ ಬಾಂದ್ರಾದ ರಸ್ತೆಯಲ್ಲೇ ಉಂಟು. ಮೇ ತಿಂಗಳ ಟ್ರಾಫಿಕ್ಕಿನಲ್ಲಿ ಎಂಜಿನ್ ಕಾದು ಉಷ್ಣತೆಯ ಮೀಟರಿನ ಮುಳ್ಳು ಕೆಂಪಿಗೆ ಏರಿದಾಗ ಹಳೆಯ ಡ್ರೈವರುಗಳು ಎಸಿ ಆರಿಸಿ, ಹೀಟರನ್ನು ಪೂರ್ತಿ ಹಾಕಿ, ಎಂಜಿನ್ನಿನ ಬಿಸಿಯನ್ನು ಒಳಗೆಳೆದು ಕಿಟಕಿಯಿಂದ ಹೊರಹಾಕುತ್ತಾರೆ. ಆ ಹೊತ್ತಿನಲ್ಲಿ ಹೀಟರಿನಿಂದ ತಣ್ಣನೆಯ ಗಾಳಿ ಬಂದರೆ ಕೂಲೆಂಟ್ ಸೋರಿಹೋಗಿರುವ ಸಂಭವ ಹೆಚ್ಚು. ಗಾಡಿಯನ್ನು ಕೂಡಲೇ ಬದಿಗೆ ಹಾಕಿ ಎಂಜಿನ್ ನಿಲ್ಲಿಸಬೇಕು.

ಎರಡೂ ಕಡೆ ಎದುರಾಗುವ ಪ್ರಶ್ನೆ ಒಂದೇ. ಕಾರ್ಯ ಕೈಗೆ ಸಿಕ್ಕಿದೆ, ಕಾರಣ ಡ್ಯಾಶ್‌ಬೋರ್ಡಿನ ಹಿಂದೆಯೋ ಎಂಜಿನ್ನಿನ ಒಡಲಲ್ಲೋ ಕಾಣದಂತೆ ಕೂತಿದೆ. ಕಂಡದ್ದನ್ನು ಹಿಡಿದು ಕಾಣದ್ದನ್ನು ತಿಳಿಯುವುದು ಹೇಗೆ? ಭಾರತೀಯ ತತ್ತ್ವಶಾಸ್ತ್ರದಲ್ಲಿ ಇದು ಅನುಮಾನ ಪ್ರಮಾಣದ ಪ್ರಶ್ನೆ. ಆಡುಗನ್ನಡದಲ್ಲಿ ಅನುಮಾನವೆಂದರೆ ಸಂಶಯ. ಶಾಸ್ತ್ರದಲ್ಲಿ ಅದು ಸಂಶಯವನ್ನು ಕಳೆಯುವ ಜ್ಞಾನ.

ಗೌತಮರ ನ್ಯಾಯಸೂತ್ರ ಅನುಮಾನವನ್ನು ಮೂರು ಬಗೆಯಾಗಿ ಎಣಿಸುತ್ತದೆ: ಪೂರ್ವವತ್, ಶೇಷವತ್, ಸಾಮಾನ್ಯತೋದೃಷ್ಟ. ಇಲ್ಲಿ ಬೇಕಾದದ್ದು ನಡುವಿನದು. ಭಾಷ್ಯಕಾರ ವಾತ್ಸ್ಯಾಯನರು ಅದಕ್ಕೆ ಎರಡು ಅರ್ಥ ಕೊಡುತ್ತಾರೆ. ಒಂದು, ಕಾರ್ಯದಿಂದ ಕಾರಣವನ್ನು ಊಹಿಸುವುದು. ನದಿ ತುಂಬಿ ರಭಸವಾಗಿ ಹರಿಯುತ್ತಿದ್ದರೆ ಮೇಲೆಲ್ಲೋ ಮಳೆಯಾಗಿದೆ ಎಂದು ತಿಳಿಯುವುದು ಇದರ ಉದಾಹರಣೆ. ಇನ್ನೊಂದು, ಸಾಧ್ಯವಿರುವ ಕಾರಣಗಳನ್ನು ಒಂದೊಂದಾಗಿ ತಳ್ಳಿಹಾಕಿ ಕೊನೆಗೆ ಉಳಿದದ್ದನ್ನು ಹಿಡಿಯುವುದು. ಒಳ್ಳೆಯ ಮೆಕ್ಯಾನಿಕ್ ಮಾಡುವುದು ಇವೆರಡನ್ನೇ.

ನದಿಯ ಉದಾಹರಣೆಗೆ ಸೂತ್ರಕಾರರೇ ಒಂದು ಆಕ್ಷೇಪ ಎತ್ತುತ್ತಾರೆ. ನದಿ ಉಕ್ಕುವುದು ಮಳೆಯಿಂದಲೇ ಆಗಬೇಕೆಂದೇನು? ಕೆಳಗೆ ಯಾರೋ ಕಟ್ಟೆ ಕಟ್ಟಿ ತಡೆದರೂ ಉಕ್ಕುತ್ತದೆಯಲ್ಲ! ಉತ್ತರ ಹೀಗಿದೆ: ಬರಿಯ ಉಕ್ಕನ್ನು ನೋಡಿ ತೀರ್ಮಾನಿಸುವವನು ತಪ್ಪುತ್ತಾನೆ. ಮಳೆಯ ಹೊಳೆ ನೊರೆಗಟ್ಟಿ, ಎಲೆ ಕಟ್ಟಿಗೆಗಳನ್ನು ಹೊತ್ತು ರಭಸದಿಂದ ಬರುತ್ತದೆ, ತಡೆದ ನೀರು ಸುಮ್ಮನೆ ಏರುತ್ತದೆ. ಬಾಂದ್ರಾದವರಿಗೆ ಈ ವಾದ ಪುಸ್ತಕದ್ದಲ್ಲ. ವಿಹಾರ್, ಪವಯಿ ಕೆರೆಗಳ ಕಡೆಯಿಂದ ಬರುವ ಮೀಠಿ ನದಿ ಬಾಂದ್ರಾದ ಅಂಚಿನಲ್ಲೇ ಮಾಹಿಮ್ ಖಾರಿಯನ್ನು ಸೇರುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಮೇಲಿಂದ ನೀರು ಬಂತು, ಕೆಳಗೆ ಸಮುದ್ರದ ಉಬ್ಬರ ಬಾಯಿ ಕಟ್ಟಿತು. ಸೂತ್ರಕಾರರು ಬೇರೆಬೇರೆಯಾಗಿ ಹೇಳಿದ ಎರಡು ಕಾರಣಗಳೂ ಅಂದು ಒಂದಾಗಿ ಕೂಡಿದ್ದವು. ಹೀಟರಿನಲ್ಲೂ ಮೊದಲು ಬಿಡಿಸಬೇಕಾದ ಗಂಟು ಇದೇ: ಮೇಲಿನಿಂದ ಬಿಸಿ ಬರುತ್ತಿಲ್ಲವೋ, ಬರುವ ಬಿಸಿ ನಡುವೆ ತಡೆಯಾಗಿದೆಯೋ.

ಅನುಮಾನ ನಿಲ್ಲುವುದು ವ್ಯಾಪ್ತಿಯ ಮೇಲೆ. ಒಂದಿದ್ದಲ್ಲಿ ಇನ್ನೊಂದು ಇದ್ದೇ ಇರುತ್ತದೆಂಬ ನಿಯತ ಸಂಬಂಧಕ್ಕೆ ಆ ಹೆಸರು. ಪಾಠಶಾಲೆಯ ಹುಡುಗರು ಮೊದಲು ಕಲಿಯುವ ಉದಾಹರಣೆಯಲ್ಲಿ ಬೆಟ್ಟದ ಮೇಲೆ ಹೊಗೆ ಕಾಣುತ್ತದೆ, ಆದ್ದರಿಂದ ಅಲ್ಲಿ ಬೆಂಕಿಯಿದೆ. ಹೊಗೆಯೂ ಬೆಂಕಿಯೂ ಜೊತೆಗಿರುವುದು ಅಡುಗೆಮನೆಯಲ್ಲಿ ಕಂಡಿದೆ, ಬೆಂಕಿಯಿಲ್ಲದ ಮಡುವಿನಲ್ಲಿ ಹೊಗೆಯೂ ಇಲ್ಲ. ಬಾಂದ್ರಾದ ಮೌಂಟ್ ಮೇರಿ ಚರ್ಚಿನ ಗುಡ್ಡವನ್ನೂ ರೈಲ್ವೆ ಸ್ಟೇಷನ್ನಿನ ಎದುರಿನ ಬಾಂದ್ರಾ ತಲಾವನ್ನೂ ಇಟ್ಟುಕೊಂಡರೆ ಬೆಟ್ಟ, ಮಡು ಎರಡೂ ಒಂದೇ ಊರಿನಲ್ಲಿ ಸಿಕ್ಕಿದಂತಾಯಿತು.

ಈ ಸಂಬಂಧ ಹೊಗೆಯಿಂದ ಬೆಂಕಿಗೆ ಸಲ್ಲುತ್ತದೆ, ಬೆಂಕಿಯಿಂದ ಹೊಗೆಗೆ ಸಲ್ಲುವುದಿಲ್ಲ. ಕುಲುಮೆಯಲ್ಲಿ ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಬೆಂಕಿಯಿಂದ ಹೊಗೆ ಏಳಬೇಕಾದರೆ ಹಸಿ ಸೌದೆಯ ಕೂಟವೂ ಬೇಕು. ಹೀಗೆ ಮರೆಯಲ್ಲಿದ್ದು ಸಂಬಂಧವನ್ನು ನಡೆಸುವ ಷರತ್ತನ್ನು ತಾರ್ಕಿಕರು ಉಪಾಧಿ ಎಂದರು. ಇಡೀ ನ್ಯಾಯಶಾಸ್ತ್ರದಲ್ಲಿ ಗ್ಯಾರೇಜಿಗೆ ಇದಕ್ಕಿಂತ ಉಪಯೋಗದ ಮಾತು ಇನ್ನೊಂದಿಲ್ಲ. ಹೀಟರ್ ಬಿಸಿಯಾಗಿದ್ದರೆ ಎಂಜಿನ್ ಬಿಸಿಯಾಗಿದೆ ಎನ್ನುವುದು ಸರಿಯಾದ ಅನುಮಾನ. ಎಂಜಿನ್ ಬಿಸಿಯಾಗಿದೆ, ಆದ್ದರಿಂದ ಹೀಟರೂ ಬಿಸಿಯಾಗಬೇಕು, ಆಗದಿದ್ದರೆ ಹೀಟರೇ ಕೆಟ್ಟಿದೆ ಎನ್ನುವುದು ಕಬ್ಬಿಣದ ಗುಂಡಿನಲ್ಲಿ ಹೊಗೆ ಹುಡುಕಿದ ಹಾಗೆ. ನಡುವೆ ಒಂದು ಉಪಾಧಿ ಇದೆ: ಕೂಲೆಂಟಿನ ಹರಿವು. ಅದನ್ನು ಮರೆತು ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಿ, ಸರಿಯಿದ್ದ ಕಾಯಿಲನ್ನು ಬದಲಿಸಿ, ಸಾವಿರಾರು ರೂಪಾಯಿ ತೆತ್ತ ಮೇಲೂ ಗಾಳಿ ತಣ್ಣಗೇ ಬರುವುದುಂಟು.

ಹರಿವನ್ನು ತಿಳಿಯುವ ಬಗೆ ಸರಳ. ಎಂಜಿನ್ ಹದಿನೈದು ನಿಮಿಷ ಓಡಿ ಕಾದ ಮೇಲೆ, ಹೀಟರನ್ನು ಪೂರ್ತಿ ಬಿಸಿಗೆ ಇಟ್ಟು, ಬಾನೆಟ್ ಎತ್ತಬೇಕು. ಎಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ತಗಡಿನ ಗೋಡೆಯಲ್ಲಿ, ಹೆಬ್ಬೆರಳಿನ ದಪ್ಪದ ಎರಡು ಕಪ್ಪು ಹೋಸುಗಳು ಅಕ್ಕಪಕ್ಕದಲ್ಲಿ ಒಳಹೊಕ್ಕಿರುತ್ತವೆ. ಬೆಲ್ಟು, ಫ್ಯಾನುಗಳಿಂದ ಕೈ ದೂರವಿಟ್ಟು, ಹಿಂಗೈಯಿಂದ ಒಂದೊಂದನ್ನೂ ಕ್ಷಣಮಾತ್ರ ಮುಟ್ಟಿ ನೋಡಬೇಕು. ಒಳಗಿನ ದ್ರವ 80ರಿಂದ 90 ಡಿಗ್ರಿ ಇರುವುದರಿಂದ ಬೆರಳಲ್ಲಿ ಹಿಡಿದು ನಿಲ್ಲುವಂತಿಲ್ಲ. ಶಾಸ್ತ್ರದಲ್ಲಿ ಉಷ್ಣವನ್ನು ಅರಿಯುವ ಇಂದ್ರಿಯ ತ್ವಕ್ಕು ಒಂದೇ. ಇಲ್ಲಿಯೂ ಮೀಟರಿನ ಮುಳ್ಳಿಗಿಂತ ಚರ್ಮದ ಸಾಕ್ಷ್ಯ ದೊಡ್ಡದು. ಮುಳ್ಳು ಹೇಳುವುದು ಆಪ್ತವಾಕ್ಯದಂತೆ: ಹೇಳುವವನಿಗೆ ಗೊತ್ತಿದ್ದರೆ ಮಾತ್ರ ಅದು ಪ್ರಮಾಣ. ಕೂಲೆಂಟ್ ಇಳಿದು ಸೆನ್ಸರ್ ಗಾಳಿಯಲ್ಲಿ ಉಳಿದರೆ, ಎಂಜಿನ್ ಸುಡುತ್ತಿದ್ದರೂ ಮುಳ್ಳು ತಣ್ಣಗಿದೆ ಎಂದೇ ತೋರಿಸಬಹುದು.

ಎರಡೂ ಹೋಸು ಸುಡುತ್ತಿದ್ದರೆ ಬಿಸಿ ಕಾಯಿಲಿನವರೆಗೆ ಬಂದು ಹೋಗುತ್ತಿದೆ ಎಂದಾಯಿತು. ದೋಷ ಗಾಳಿಯ ಕಡೆಯದು. ಕ್ಯಾಬಿನ್ ಫಿಲ್ಟರಿನಲ್ಲಿ ಧೂಳು ತುಂಬಿರಬಹುದು, ಬ್ಲೋವರ್ ಸೋತಿರಬಹುದು, ಇಲ್ಲವೇ ಬಿಸಿಗಾಳಿ ತಣ್ಣಗಾಳಿಗಳನ್ನು ಬೆರೆಸುವ ಒಳಗಿನ ಬಾಗಿಲು ಅರ್ಧಕ್ಕೆ ಸಿಕ್ಕಿಕೊಂಡಿರಬಹುದು. ಗುಂಡಿ ತಿರುಗಿಸುವಾಗ ಡ್ಯಾಶ್‌ಬೋರ್ಡಿನೊಳಗೆ ಟಕಟಕ ಸದ್ದು ಬಂದರೆ ಆ ಬಾಗಿಲನ್ನೇ ನೋಡಬೇಕು. ಒಂದು ಹೋಸು ಸುಟ್ಟು ಇನ್ನೊಂದು ತಣ್ಣಗಿದ್ದರೆ ಕಾಯಿಲಿನೊಳಗೆ ತುಕ್ಕು, ಕೆಸರು ಕಟ್ಟಿದೆ. ಎರಡೂ ಉಗುರುಬೆಚ್ಚಗಿದ್ದು ಮುಳ್ಳೂ ಕೆಳಗಿದ್ದರೆ ಥರ್ಮೋಸ್ಟಾಟ್ ತೆರೆದೇ ಉಳಿದಿದೆ. ಮುಳ್ಳು ನಡುವೆ ನಿಂತು ಎರಡೂ ಹೋಸು ತಣ್ಣಗಿದ್ದರೆ ಕವಲಿಗೆ ದ್ರವ ಬರುತ್ತಲೇ ಇಲ್ಲ. ಕೂಲೆಂಟ್ ಕಡಿಮೆಯಾಗಿದೆ, ಅಥವಾ ಗಾಳಿ ಕಟ್ಟಿದೆ, ಅಥವಾ ಹೀಟರ್ ವಾಲ್ವ್ ಮುಚ್ಚಿಕೊಂಡಿದೆ, ಅಥವಾ ಪಂಪು ಸೋತಿದೆ. ಒಂದು ಹುಳುಕು ಪ್ಲಾಸ್ಟಿಕ್ ಬಾಗಿಲಿಗೂ ಒಂದು ಸೋತ ಪಂಪಿಗೂ ವ್ಯತ್ಯಾಸ ತಿಳಿಯುವುದು ಎರಡು ಕ್ಷಣದ ಸ್ಪರ್ಶದಿಂದ.

ಗಾಳಿ ಕಟ್ಟುವುದು, ಅಂದರೆ ಏರ್‌ಲಾಕ್, ತತ್ತ್ವದ ಕಣ್ಣಿಗೆ ಎಲ್ಲಕ್ಕಿಂತ ಕುತೂಹಲದ ದೋಷ. ಇಲ್ಲಿ ಏನೂ ಮುರಿದಿಲ್ಲ, ಏನೂ ಸವೆದಿಲ್ಲ. ಇರಬೇಕಾದ ದ್ರವ ಒಂದೆಡೆ ಇಲ್ಲ, ಅಷ್ಟೇ. ಇಲ್ಲದಿರುವುದು ಕಾರಣವಾಗಬಲ್ಲದೇ? ಈ ಪ್ರಶ್ನೆಯ ಮೇಲೆ ನೈಯಾಯಿಕರೂ ಮೀಮಾಂಸಕರೂ ಶತಮಾನಗಳ ಕಾಲ ಸೆಣಸಿದ್ದಾರೆ. ಅವರ ಉದಾಹರಣೆ ಬೆಂಕಿಯ ಬಳಿ ಇಟ್ಟ ಮಣಿ. ಬೆಂಕಿಯೂ ಇದೆ, ಸೌದೆಯೂ ಇದೆ, ಆದರೆ ಒಂದು ವಿಶೇಷ ಮಣಿ ಹತ್ತಿರವಿದ್ದರೆ ಬೆಂಕಿ ಸುಡುವುದಿಲ್ಲ, ತೆಗೆದರೆ ಸುಡುತ್ತದೆ. ಬೆಂಕಿಯಲ್ಲಿ ಕಣ್ಣಿಗೆ ಕಾಣದ ಸುಡುವ ಶಕ್ತಿಯಿದೆ, ಮಣಿ ಅದನ್ನು ಕುಂದಿಸುತ್ತದೆ ಎಂದರು ಮೀಮಾಂಸಕರು. ಶಕ್ತಿಯೆಂಬ ಬೇರೆ ಪದಾರ್ಥ ಬೇಡ, ಪ್ರತಿಬಂಧಕ, ಅಂದರೆ ತಡೆ, ಇಲ್ಲದಿರುವುದೂ ಕಾರಣಸಾಮಗ್ರಿಯಲ್ಲಿ ಒಂದು ಎಂದರು ನೈಯಾಯಿಕರು. ಉಡುಪಿಯ ಸಮೀಪದ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರ ಪರಂಪರೆ ಶಕ್ತಿಯನ್ನು ಪ್ರತ್ಯೇಕ ಪದಾರ್ಥವೆಂದೇ ಎಣಿಸಿತು. ವಿಜಯನಗರದ ವ್ಯಾಸತೀರ್ಥರು ‘ತರ್ಕತಾಂಡವ’ದಲ್ಲಿ ನೈಯಾಯಿಕರನ್ನು ಅವರದೇ ತರ್ಕದ ಹತ್ಯಾರಿನಿಂದ ಎದುರಿಸಿದರು. ಆ ಪರಂಪರೆಯ ಪೇಜಾವರ ಮಠದ ಶಾಖೆ ಬಾಂದ್ರಾದಿಂದ ಎರಡು ಸ್ಟೇಷನ್ ಆಚೆ, ಸಾಂತಾಕ್ರೂಜ್‌ನಲ್ಲಿದೆ.

ಹೀಟರಿನ ಮಟ್ಟಿಗೆ ನೈಯಾಯಿಕರ ಪಕ್ಷವೇ ಹೆಚ್ಚು ಕೆಲಸಕ್ಕೆ ಬರುತ್ತದೆ. ಶಕ್ತಿ ಕುಂದಿದೆ ಎಂದರೆ ಮುಂದೇನು ಮಾಡಬೇಕೆಂದು ತೋಚುವುದಿಲ್ಲ. ತಡೆ ಎಲ್ಲಿದೆ ಎಂದು ಕೇಳಿದರೆ ಕೈಗೆ ಕೆಲಸ ಸಿಗುತ್ತದೆ. ಮಣಿಯ ವಾದದಲ್ಲಿ ಇನ್ನೊಂದು ಸೂಕ್ಷ್ಮವೂ ಇದೆ. ತಡೆಯುವ ಮಣಿ ಇದ್ದರೂ, ಉತ್ತೇಜಕವೆಂಬ ಇನ್ನೊಂದು ಮಣಿ ಬಳಿಯಿದ್ದರೆ ಬೆಂಕಿ ಸುಡುತ್ತದೆ. ಗಾಡಿ ನಿಂತಿದ್ದಾಗ ತಣ್ಣಗೆ ಬರುವ ಗಾಳಿ, ಆಕ್ಸಿಲರೇಟರ್ ಒತ್ತಿದೊಡನೆ ಬೆಚ್ಚಗಾಗುವುದನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ. ಪಂಪಿನ ವೇಗ ಏರಿದಾಗ ತಡೆ ಸೋಲುತ್ತದೆ, ಆದರೆ ತಡೆ ಹೋಗಿರುವುದಿಲ್ಲ. ಕೂಲೆಂಟ್ ಇಳಿದಿರುವುದಕ್ಕೆ ಅಥವಾ ಪಂಪು ದಣಿದಿರುವುದಕ್ಕೆ ಇದು ಒಳ್ಳೆಯ ಲಿಂಗ, ಅಂದರೆ ಗುರುತು. ಹೆದ್ದಾರಿಯಲ್ಲಿ ಹೀಟರ್ ಚೆನ್ನಾಗಿದೆ ಎಂದು ಸಮಾಧಾನಪಟ್ಟುಕೊಂಡವರು ಉತ್ತೇಜಕವನ್ನು ಔಷಧಿಯೆಂದು ತಿಳಿದವರು.

ಥರ್ಮೋಸ್ಟಾಟಿನ ಕಥೆ ಬಿಸಿಲೂರುಗಳಿಗೆ ವಿಶೇಷ. ಎಂಜಿನ್ ಸುಮಾರು 82ರಿಂದ 90 ಡಿಗ್ರಿಗೆ ಬರುವ ತನಕ ರೇಡಿಯೇಟರಿನ ದಾರಿಯನ್ನು ಮುಚ್ಚಿಟ್ಟು, ಆಮೇಲೆ ತೆರೆಯುವುದು ಅದರ ಕೆಲಸ. ಗಾಡಿ ಒಮ್ಮೆ ಕಾದರೆ ಸಾಕು, ‘ಈ ಸೆಕೆಯಲ್ಲಿ ಅದೇಕೆ’ ಎಂದು ವಾಲ್ವನ್ನೇ ಕಿತ್ತುಹಾಕುವ ರೂಢಿ ಹಲವು ಗ್ಯಾರೇಜುಗಳಲ್ಲಿತ್ತು, ಈಗಲೂ ಉಂಟು. ಊರಲ್ಲಿ ಏನೂ ಗೊತ್ತಾಗುವುದಿಲ್ಲ. ಚಳಿಯ ಹೆದ್ದಾರಿಯಲ್ಲಿ ಎಂಜಿನ್ ತನ್ನ ಹದಕ್ಕೆ ಬರುವುದೇ ಇಲ್ಲ, ಇಂಧನ ಹೆಚ್ಚು ಕುಡಿಯುತ್ತದೆ, ಹೀಟರ್ ಸೋಲುತ್ತದೆ. ಕಾರ್ಯ ಬೆಳಗಾವಿಯಲ್ಲಿ, ಕಾರಣ ನಾಲ್ಕು ವರ್ಷ ಹಿಂದೆ ಮುಂಬಯಿಯಲ್ಲಿ. ಕೂಲೆಂಟಿನ ಬದಲು ಬೋರ್‌ವೆಲ್ ನೀರು ತುಂಬಿದ್ದೂ ಇಂಥದೇ. ಅದರ ಲವಣ ಮತ್ತು ತುಕ್ಕು ಕಾಯಿಲಿನ ಸಣ್ಣ ನಾಳಗಳಲ್ಲಿ ನಿಧಾನವಾಗಿ ಕೂತು, ಬೇಡವಾದ ದಿನ ಸುಮ್ಮನಿದ್ದು ಬೇಕಾದ ದಿನ ಎದುರಾಗುತ್ತದೆ.

ಅನುಮಾನಕ್ಕೆ ಆಧಾರವಾಗುವ ಗುರುತು ಹೇತು; ಹೇತುವಲ್ಲದ್ದು ಹೇತುವಿನಂತೆ ತೋರಿ ಮೋಸ ಮಾಡುವುದು ಹೇತ್ವಾಭಾಸ. ದೂರದ ಮಂಜನ್ನು ಹೊಗೆಯೆಂದು ತಿಳಿದು ಬೆಂಕಿ ಊಹಿಸುವುದು ಇದರ ಹಳೆಯ ನಿದರ್ಶನ. ಕಾರಿನೊಳಗೆ ಇದು ಅಕ್ಷರಶಃ ನಡೆಯುತ್ತದೆ. ಹೀಟರ್ ಹಾಕಿದೊಡನೆ ಮುಂದಿನ ಗಾಜಿನ ಒಳಮೈಗೆ ಮಸುಕು ಕವಿಯುತ್ತದೆ, ತೆಳು ಹೊಗೆಯಂಥದು ಏಳುತ್ತದೆ. ವೈರಿಂಗ್ ಸುಡುತ್ತಿದೆ ಎಂದು ಗಾಬರಿಪಡುವವರುಂಟು, ಮಳೆಗಾಲದ ತೇವ ಎಂದು ಸುಮ್ಮನಾಗುವವರೂ ಉಂಟು. ಕೈಬೆರಳಿಂದ ಗಾಜನ್ನು ಒರಸಿದರೆ ಜಿಡ್ಡು ಹತ್ತಿ, ಸಿಹಿಯಾದ ವಾಸನೆ ಬಂದರೆ, ಕಾಲಡಿಯ ಮ್ಯಾಟ್ ಒದ್ದೆಯಾಗಿದ್ದರೆ, ಅದು ಹೊಗೆಯೂ ಅಲ್ಲ ತೇವವೂ ಅಲ್ಲ, ಕಾಯಿಲಿನಿಂದ ಸೋರುತ್ತಿರುವ ಕೂಲೆಂಟಿನ ಆವಿ. ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ. ಮಕ್ಕಳಿಗೂ ಸಾಕುಪ್ರಾಣಿಗಳಿಗೂ ಅದನ್ನು ಎಟುಕಗೊಡಬಾರದು. ಈ ಒಂದು ಸಂದರ್ಭದಲ್ಲಿ ಕಾಯಿಲ್ ಬದಲಿಸುವುದೇ ದಾರಿ.

ಆಯುರ್ವೇದ ರೋಗ ತಿಳಿಯುವ ಐದು ದಾರಿಗಳಲ್ಲಿ ಉಪಶಯವನ್ನೂ ಎಣಿಸುತ್ತದೆ. ಗುಟ್ಟಾಗಿರುವ ರೋಗಕ್ಕೆ ಒಂದು ಪಥ್ಯವನ್ನೋ ಔಷಧವನ್ನೋ ಕೊಟ್ಟು, ಗುಣ ಕಂಡರೆ ಅದರಿಂದಲೇ ರೋಗವನ್ನು ಗುರುತಿಸುವುದು ಉಪಶಯ. ರಿಪೇರಿಯೂ ಹೀಗೇ ಒಂದು ಪರೀಕ್ಷೆ. ಆದರೆ ಅದಕ್ಕೊಂದು ನಿಯಮವುಂಟು: ಒಂದು ಸಲಕ್ಕೆ ಒಂದನ್ನೇ ಮುಟ್ಟಬೇಕು. ಅದಿದ್ದರೆ ಇದಿದೆ ಎಂಬುದು ಅನ್ವಯ, ಅದಿಲ್ಲದಿದ್ದರೆ ಇದಿಲ್ಲ ಎಂಬುದು ವ್ಯತಿರೇಕ. ಇಂಗ್ಲೆಂಡಿನ ಜಾನ್ ಸ್ಟುವರ್ಟ್ ಮಿಲ್ 1843ರ ತನ್ನ ತರ್ಕಗ್ರಂಥದಲ್ಲಿ ಇದೇ ಜಾಡಿನ ವಿಧಾನಗಳನ್ನು ವಿವರಿಸಿದ. ಥರ್ಮೋಸ್ಟಾಟ್, ಕೂಲೆಂಟ್, ಕಾಯಿಲ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ಬಿಸಿ ಮರಳಬಹುದು, ಕಾರಣ ಮಾತ್ರ ಎಂದಿಗೂ ತಿಳಿಯದು.

ಆದ್ದರಿಂದ ಕ್ರಮ ಸುಲಭದಿಂದ ಕಷ್ಟಕ್ಕೆ ಹೋಗಬೇಕು. ಎಂಜಿನ್ ಪೂರ್ತಿ ತಣ್ಣಗಿರುವಾಗಲೇ ರೇಡಿಯೇಟರ್ ಮುಚ್ಚಳ ತೆರೆದು ಮಟ್ಟ ನೋಡಬೇಕು. ಬಿಸಿಯಿದ್ದಾಗ ತೆರೆದರೆ ಕುದಿಯುವ ದ್ರವ ಮುಖಕ್ಕೆ ಚಿಮ್ಮುತ್ತದೆ. ಇಳಿದಿದ್ದರೆ ಕಂಪನಿ ಹೇಳಿದ ಕೂಲೆಂಟನ್ನೇ ತುಂಬಬೇಕು. ಮತ್ತೆ ಮತ್ತೆ ಇಳಿಯುತ್ತಿದ್ದರೆ ಸೋರಿಕೆ ಹುಡುಕಬೇಕು. ಹೊರಗೆ ಸೋರಿಕೆ ಕಾಣದೆ, ಕೂಲೆಂಟಿನಲ್ಲಿ ಗುಳ್ಳೆಗಳು ಏಳುತ್ತಲೇ ಇದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಂಭವವಿದೆ. ಏರ್‌ಲಾಕ್ ಬಿಡಿಸಲು ಗಾಡಿಯ ಮೂತಿ ಮೇಲಾಗುವಂತೆ ಏರಿನಲ್ಲಿ ನಿಲ್ಲಿಸಿ, ತಣ್ಣಗಿರುವಾಗ ಮುಚ್ಚಳ ತೆಗೆದು, ಹೀಟರ್ ಪೂರ್ತಿ ಹಾಕಿ, ಎಂಜಿನ್ ಚಾಲೂ ಮಾಡಿ, ಗುಳ್ಳೆಗಳು ನಿಲ್ಲುವವರೆಗೆ ಕೂಲೆಂಟ್ ತುಂಬುತ್ತಾ ಹೋಗಬೇಕು. ಕಾಯಿಲ್ ಕಟ್ಟಿದ್ದರೆ ಎರಡೂ ಹೋಸು ಕಳಚಿ, ಹೊರಬರುವ ಬಾಯಿಯಿಂದ ಸಣ್ಣ ಒತ್ತಡದಲ್ಲಿ ನೀರು ಬಿಟ್ಟು ಹಿಮ್ಮುಖವಾಗಿ ತೊಳೆಯಬೇಕು. ಮೊದಲು ಕೆಂಪುಮಣ್ಣಿನಂಥ ತುಕ್ಕು ಬರುತ್ತದೆ. ನೀರು ತಿಳಿಯಾಗುವ ತನಕ ತೊಳೆಯುವುದನ್ನು ನಿಲ್ಲಿಸಬಾರದು.

ಸೆಪ್ಟೆಂಬರ್ 8ರ ಮಾತೆ ಮೇರಿಯ ಹಬ್ಬದ ಜಾತ್ರೆಗೆ ಮೌಂಟ್ ಮೇರಿ ಗುಡ್ಡದ ಬದಿಯಲ್ಲಿ ಮೇಣದ ಗೊಂಬೆಗಳನ್ನು ಮಾರುತ್ತಾರೆ. ಕೈ ನೋವಿರುವವರು ಮೇಣದ ಕೈ, ಮನೆ ಬೇಕಾದವರು ಮೇಣದ ಮನೆ, ಕಾರಿನ ಹರಕೆ ಹೊತ್ತವರು ಮೇಣದ ಕಾರು ಒಪ್ಪಿಸುತ್ತಾರೆ. ಥರ್ಮೋಸ್ಟಾಟಿನ ಹೊಟ್ಟೆಯಲ್ಲಿರುವುದೂ ಮೇಣವೇ, ಅದು ಕರಗಿ ಹಿಗ್ಗಿದಾಗ ವಾಲ್ವು ತೆರೆಯುತ್ತದೆ. ಹರಕೆಗೂ ರಿಪೇರಿಗೂ ಜಗಳವಿದೆಯೇ? ನೈಯಾಯಿಕರ ಲೆಕ್ಕದಲ್ಲಿ ಇಲ್ಲ. ಈಶ್ವರ, ಅವನ ಜ್ಞಾನ, ಇಚ್ಛೆ, ಕೃತಿ, ದಿಕ್ಕು, ಕಾಲ, ಅದೃಷ್ಟ, ಪ್ರಾಗಭಾವ (ಹುಟ್ಟುವ ಮೊದಲಿನ ಇಲ್ಲದಿರುವಿಕೆ) ಎಂಬ ಎಂಟು ಪ್ರತಿಯೊಂದು ಕಾರ್ಯಕ್ಕೂ ಸಾಧಾರಣ ಕಾರಣಗಳು. ಎಲ್ಲಕ್ಕೂ ಸಮಾನವಾದ್ದರಿಂದಲೇ ಅವು ಈ ಹೀಟರ್ ಏಕೆ ತಣ್ಣಗಿದೆ, ಪಕ್ಕದ್ದು ಏಕೆ ಬಿಸಿಯಾಗಿದೆ ಎಂಬುದನ್ನು ಹೇಳಲಾರವು. ಅದನ್ನು ಹೇಳುವುದು ಅಸಾಧಾರಣ ಕಾರಣ. ಹರಕೆ ಹೊರುವವರು ನೆಚ್ಚುವುದು ಮೊದಲನೆಯದನ್ನು, ಮೆಕ್ಯಾನಿಕ್ ಹುಡುಕುವುದು ಎರಡನೆಯದನ್ನು. ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟಾಗಲೇ ತೊಡಕು. ದೈವಚಿತ್ತ ಎಂದು ಕೂಲೆಂಟ್ ನೋಡದಿರುವುದು ಭಕ್ತಿಯಲ್ಲ.

ಉಳಿದದ್ದು ಅನುಮಾನ ಪ್ರಮಾಣದ ಮೇಲೆಯೇ ಚಾರ್ವಾಕರ ಸಂಶಯ. ಕಂಡ ನೂರು ಕಡೆ ಹೀಗಿದ್ದರೆ ಕಾಣದ ಕಡೆಯೂ ಹೀಗೇ ಇರುತ್ತದೆಂಬ ಭರವಸೆ ಎಲ್ಲಿದೆ ಎಂದು ಅವರು ಕೇಳಿದರು. ಪ್ರಶ್ನೆ ಸುಳ್ಳಲ್ಲ. ವಿದ್ಯುತ್ ಕಾರಿನಲ್ಲಿ ಎಂಜಿನ್ನೇ ಇಲ್ಲ, ಅಲ್ಲಿ ಬಿಸಿಗೆ ಬ್ಯಾಟರಿಯಿಂದಲೇ ಬೇರೆ ಏರ್ಪಾಡು ಬೇಕು. ಹೀಟರ್ ಬಿಸಿಯಿದ್ದಲ್ಲಿ ಎಂಜಿನ್ ಬಿಸಿಯಿದೆ ಎಂಬ ವ್ಯಾಪ್ತಿ ಆ ಗಾಡಿಯ ಬಾಗಿಲಲ್ಲಿ ಮುರಿದುಬೀಳುತ್ತದೆ. ಹತ್ತನೆಯ ಶತಮಾನದ ಉದಯನರು ‘ನ್ಯಾಯಕುಸುಮಾಂಜಲಿ’ಯಲ್ಲಿ ಈ ಸಂಶಯಕ್ಕೆ ಒಂದು ಎಲ್ಲೆ ಹಾಕಿದರು: ಸಂಶಯಪಡುವವನ ನಡತೆಯೇ ಅವನ ಸಂಶಯಕ್ಕೆ ವಿರುದ್ಧವಾಗುವ ತನಕ ಮಾತ್ರ ಸಂಶಯಕ್ಕೆ ಅವಕಾಶ. ಚಳಿಯಾದಾಗ ಹೀಟರಿನ ಗುಂಡಿಗೆ ಕೈಚಾಚುವವನು ಕಾರಣಕಾರ್ಯದ ನಂಟನ್ನು ಆಗಲೇ ಒಪ್ಪಿಯಾಗಿದೆ.

ಡಿಸೆಂಬರಿನಲ್ಲಿ ಘಟ್ಟ ಹತ್ತುವವರು ಹೊರಡುವುದಕ್ಕೆ ಒಂದು ವಾರ ಮೊದಲೇ, ಬಾಂದ್ರಾದ ಬೆಚ್ಚನೆಯ ಬೆಳಗಿನಲ್ಲೇ ಹೀಟರನ್ನು ಹದಿನೈದು ನಿಮಿಷ ಪೂರ್ತಿ ಹಾಕಿ, ಬಾನೆಟ್ ಎತ್ತಿ, ಆ ಎರಡು ಹೋಸುಗಳನ್ನು ಮುಟ್ಟಿ ನೋಡಲಿ.